ವಾಲಿ ನಿಂತ ಪಟ್ಟದ ಬೊಂಬೆ

ಒಂದಾನೊಂದು ಕಾಲದಲ್ಲಿ, ನೀನೂ ಇರಲಿಲ್ಲ, ನಿಮ್ಮಮ್ಮನೂ ಇರಲಿಲ್ಲ, ಹೂಂ ಅನ್ನು ಪುಟ್ಟಿ, ಚೆನ್ನಿಗಪ್ಪ ಅಂತ ಒಬ್ಬ ಕುಂಬಾರ ಇದ್ದನಂತೆ. ಅವನಿಗೆ ಮೂರು ಜನ ಹೆಣ್ಣುಮಕ್ಕಳಂತೆ. ಮದುವೆಯಾಗಿ ಹೋಗೋವಾಗ ಒಬ್ಬೊಬ್ಬಳಿಗೂ ಒಂದು ಜೊತೆ ಪಟ್ಟದ ಬೊಂಬೆ, ಅದೇ ರಾಜ ರಾಣಿ, ಕೊಡಬೇಕಲ್ಲ ಅಂತ ತನ್ನ ಕೈಯಾರೆ ಮಣ್ಣಲ್ಲಿ ಮೂರು ಜೊತೆ ಮಾಡಿಟ್ಟು ಕಣ್ಣು ಮುಚ್ಚಿದನಂತೆ. ದೊಡ್ಡವಳು ಗಂಗಮ್ಮ, ನಡುವಿನವಳು ಸಾಕಮ್ಮ, ತಮ್ಮ ಬೊಂಬೆ ತಗೊಂಡು ಗಂಡನ ಮನೆ ಸೇರಿದರು. ಕಿರಿಯವಳು ಪುಟ್ನಂಜಿ ಉಳಿದಳು.

ಆಮೇಲೆ ಅವಳಿಗೂ ಮದುವೆ ಗೊತ್ತಾಯ್ತಂತೆ. ಬೊಂಬೆ ಬಣ್ಣ ಮಾಸಿದೆ, ಹೊಸದಾಗಿ ಬಳಿದುಕೊಡು ಅಂತ ಬೊಂಬೆ ಅಂಗಡಿ ತಿಮ್ಮಯ್ಯನಿಗೆ ಕೊಟ್ಟರೆ, ಅವನು ಎಷ್ಟು ಚೆಂದ ಇದೆಯಲ್ಲಾ ಅಂತ ಅಚ್ಚು ತೆಗೆದು, ಅವರಪ್ಪ ತರ್ತಿದ್ದ ಅದೇ ಕೆರೆ ಮಣ್ಣಲ್ಲಿ ಅಂಗಡಿ ತುಂಬಾ ರಾಜ ರಾಣಿ ಮಾಡಿ, ಹಳೇವಕ್ಕೂ ಹೊಸವಕ್ಕೂ ಒಂದೇ ಬಣ್ಣ ಬಳಿದುಬಿಟ್ಟನಂತೆ. ನೋಡ್ರವ್ವಾ, ಯಾವುದು ನಿಮ್ಮದು ಅಂತ ನನಗೇ ಗೊತ್ತಾಗಲ್ಲ ಅಂತ ಜಂಬ ಕೊಚ್ಚಿ, ಆಮೇಲೆ ಅಯ್ಯಯ್ಯೋ, ನಿಜವಾಗ್ಲೂ ಗೊತ್ತಾಗ್ತಿಲ್ವಲ್ಲಾ ಅಂತ ತಲೆ ಮೇಲೆ ಕೈ ಹೊತ್ತು ಕೂತನಂತೆ. ಅಪ್ಪ ಮಾಡಿದ ಬೊಂಬೆ ಸಿಗದೆ ನಾನು ಹಸೆಮಣೆ ಮೇಲೆ ಕೂರಲ್ಲ ಅಂತ ಪುಟ್ನಂಜಿ ಅತ್ತಳಂತೆ.

ಮದುವೆಗೆ ಅಂತ ಬಂದಿದ್ದ ಅಕ್ಕಂದಿರೂ ಅವಳ ಜೊತೆ ಅಂಗಡಿಗೆ ಹೋದರಂತೆ. ಗಂಗಮ್ಮ ಒಂದೊಂದೇ ಮೂಸಿದಳಂತೆ, ಮೂಗಿಗೆ ಬಣ್ಣ ಮೆತ್ತಿ ಸೀನು ಬಂತೇ ಹೊರತು ಏನೂ ತಿಳೀಲಿಲ್ಲ. ಸಾಕಮ್ಮ ತಟ್ಟಿ ನೋಡಿದಳಂತೆ, ಎಲ್ಲಾ ಟಣ್ ಅಂತಲೇ ಅಂದವು. ಏನೇ, ಮಡಕೆ ಕೊಳ್ತಿದ್ದೀಯಾ ಅಂತ ಗಂಗಮ್ಮ ರೇಗಿಸಿದಳಂತೆ. ಆಮೇಲೆ ಪುಟ್ನಂಜಿ ನೋಡಿದರೆ ಮೂಲೆ ಬುಟ್ಟೀಲಿ ಒಂದು ಜೊತೆ ಬಿದ್ದಿತ್ತಂತೆ. ಅದ್ಯಾಕಣ್ಣಾ ಅಲ್ಲಿ ಅಂದರೆ, ಕೆಟ್ಟ ಮಾಲು ಕಣವ್ವಾ, ಹಲಗೆ ಮೇಲೆ ನಿಲ್ಲಿಸಿದರೆ ಕುಡುಕರ ಹಾಗೆ ವಾಲ್ತವೆ ಅಂದನಂತೆ. ಪಾಪ, ಇವನ್ನ ಯಾರು ತಗೋತಾರೆ ಅಂತ ಅವನ್ನೂ, ಅಪ್ಪಂದು ಇದೇ ಇರಬಹುದೇನೋ ಅಂತ ನೆಟ್ಟಗಿದ್ದ ಇನ್ನೊಂದು ಜೊತೇನೂ ಮಡಿಲಲ್ಲಿ ಕಟ್ಕೊಂಡು ಬಂದಳಂತೆ.

ಮನೆ ಜಗಲಿ ಮೇಲೆ ಇಟ್ಟಳು ನೋಡು, ನೆಟ್ಟಗಿದ್ದವು ವಾಲಿದವು, ವಾಲ್ತಿದ್ದವು ನೆಟ್ಟಗೆ ನಿಂತವು! ಯಾಕೆ ಅಂತೀಯಾ? ನೀರು ಹರಿದು ಹೋಗ್ಲಿ ಅಂತ ಆ ಜಗಲಿ ಇಳಿಜಾರಾಗಿತ್ತು. ಹಸಿ ಬೊಂಬೆನ ಅಪ್ಪ ಅಲ್ಲೇ ಕೂರಿಸಿ ಒಣಗಿಸಿದ್ದಕ್ಕೆ ಬುಡಕ್ಕೆ ಅದೇ ಓರೆ ಬಂದಿತ್ತು. ಅಚ್ಚಿನವಕ್ಕೆ ತಿಮ್ಮಯ್ಯ ದಾರ ಎಳೆದು ಬುಡ ಸಮ ಕೊಯ್ದಿದ್ದ. ಅಯ್ಯೋ ಶಿವನೇ, ಗಂಡನ ಮನೇಲಿ ನನ್ನ ಬೊಂಬೆ ವಾಲಿದ್ದಕ್ಕೆ ನಿಮ್ಮನೆ ನೆಲಾನೇ ಸೊಟ್ಟ ಅಂತ ಅತ್ತೆ ಹತ್ರ ಜಗಳ ಆಡಿದ್ದೆನಲ್ಲೇ ಅಂತ ಗಂಗಮ್ಮ ಹೊಟ್ಟೆ ಹಿಡ್ಕೊಂಡು ನಕ್ಕಳಂತೆ.

ಮದುವೆ ಜೋರಾಗಿ ಆಯ್ತು. ಗಂಡನ ಮನೆ ನೆಲ ಸಮ, ಬೊಂಬೆ ಮತ್ತೆ ವಾಲಿತಂತೆ. ಪುಟ್ನಂಜಿ ಮುಖ ಸಣ್ಣದಾಯ್ತು. ಆಗ ಅತ್ತೆ, ಇರು ಮಗಳೇ, ನಿಮ್ಮಪ್ಪನ ಜಗಲಿ ಇಲ್ಲೇ ಕಟ್ಟಿಕೊಡ್ತೀನಿ ಅಂತ ಎರಡು ಹಿಡಿ ಹಸಿ ಮಣ್ಣು ತಂದು ಓರೆಯಾಗಿ ಮೆತ್ತಿ, ಅದರ ಮೇಲೆ ಅವನ್ನ ಇಟ್ಟಳಂತೆ. ರಾಜ ರಾಣಿ ನೆಟ್ಟಗೆ ನಿಂತರು, ಕತೆ ಮುಗೀತು, ನೀನಿನ್ನು ಅಡ್ಡಾಗು ನನ್ನ ಕಂದ.