ಒಡತಿಗೂ ಬಾಗದ ಬೀಗ

ಓಟಗಾರ್ತಿ ಪಾವನಾಳ ಮಣಿಕಟ್ಟೇರಿದ ಹೊಸ ಸ್ಮಾರ್ಟ್‌ವಾಚಿಗೆ ಹಿಗ್ಗೋ ಹಿಗ್ಗು. "ಪಟ್ಟಿಯಣ್ಣ, ಸಡಿಲ ಬಿಡು, ನಾನು ಕುಣಿಯಬೇಕು!" ಎಂದಿತು.

"ಮೈಗೆ ಅಂಟಿರದಿದ್ದರೆ ಅವಳ ನಾಡಿ ಹೇಗೆ ಎಣಿಸುವೆ?" ಎಂದು ಗೊಣಗುತ್ತಲೇ ಪಟ್ಟಿ ಸಡಿಲಾಯಿತು.

ಪಾವನಾ ಗುಡ್ಡವಿಳಿದು ಓಡುವಾಗ ವಾಚು ಜಾರಿ ಬಿತ್ತು. ಕೋತಿಯೊಂದು ಅದನ್ನೆತ್ತಿಕೊಂಡು, "ನಿನ್ನೊಡತಿಯ ಗುಟ್ಟೆಲ್ಲ ಬಿಚ್ಚು!" ಎಂದು ಗಾಜು ತಿವಿಯಿತು. ವಾಚು "ಅಯ್ಯೋ, ಬಿಡು!" ಎಂದು ಚೀರಿತು. ಅದರೊಳಗಿನ ಬೀಗ ಮಾತ್ರ, "ಮೊದಲು ಪಾಸ್‌ಕೋಡ್ ಹೇಳು!" ಎಂದು ಗದರಿತು. ಕೋತಿ ತಿವಿದೂ ತಿವಿದೂ ಸೋತು, ವಾಚನ್ನೆಸೆದು ಮರವೇರಿತು.

ಹುಡುಕುತ್ತ ಬಂದ ಪಾವನಾ ವಾಚನ್ನು ಬಿಗಿಯಾಗಿ ಕಟ್ಟಿಕೊಂಡಳು.

"ಬೀಗಣ್ಣ, ನಮ್ಮೊಡತಿ ಬಂದಳು! ಬೇಗ ಬಾಗಿಲು ತೆಗೆ!" ಎಂದು ವಾಚು ಕೂಗಿತು.

"ಅವಳೂ ಪಾಸ್‌ಕೋಡ್ ಹೇಳಲಿ. ಮುಖ ನೋಡಿ ಮಣೆ ಹಾಕಿದರೆ ನಾನೆಂಥ ಬೀಗ?" ಎಂದಿತು ಬೀಗ.

ಪಾವನಾ ನಗುತ್ತ ಆರು ಅಂಕಿ ಒತ್ತಿದಳು. ಬಾಗಿಲು ತೆರೆಯಿತು.