ಈರುಳ್ಳಿ ಕೋಶದ ಪಾಠ

ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡಲೆಂದು ಮೇಷ್ಟ್ರು ಈರುಳ್ಳಿ ಸಿಪ್ಪೆಯ ಕೋಶವನ್ನೂ ಕೆನ್ನೆಯ ಒಳಗಿನಿಂದ ಕೆರೆದ ಕೋಶವನ್ನೂ ಒಂದೇ ಗಾಜಿನ ಮೇಲಿಟ್ಟರು. ಉಪ್ಪುನೀರು ಹಾಕುವುದನ್ನು ಮರೆತು ಬರೀ ನೀರು ಬಿಟ್ಟರು. ನೀರು ಎರಡರೊಳಗೂ ನುಗ್ಗತೊಡಗಿತು.

"ಅಕ್ಕಾ, ನಾನು ಉಬ್ಬುತ್ತಿದ್ದೇನೆ!" ಎಂದಿತು ಕೆನ್ನೆಯ ಕೋಶ.

"ಗೋಡೆ ಇಲ್ಲದವರ ಪಾಡೇ ಇಷ್ಟು. ನನ್ನನ್ನು ನೋಡು, ಎಷ್ಟು ನೀರು ಬಂದರೂ ಗೋಡೆ ತಡೆಯುತ್ತದೆ."

"ಈಗ ಗೋಡೆ ಎಲ್ಲಿಂದ ತರಲಿ? ನನ್ನ ಪೊರೆ ಬಿರಿಯುತ್ತಿದೆ. ಭಯವಾಗುತ್ತಿದೆ. 'ಇಲ್ಲೇ ಇದ್ದೇನೆ' ಎಂದಾದರೂ ಹೇಳಕ್ಕಾ."

"ಮೊದಲು ಕೇಳಿಸಿಕೋ. ಗೋಡೆ ಏಕೆ ಬೇಕೆಂದರೆ..."

ಈರುಳ್ಳಿ ಕೋಶ ಒಂದು ತಪ್ಪೂ ಇಲ್ಲದೆ ಎಲ್ಲವನ್ನೂ ವಿವರಿಸಿತು. ಕೊನೆಗೆ, "ಅರ್ಥವಾಯಿತೇ?" ಎಂದು ಕೇಳಿತು.

ಪಕ್ಕದಲ್ಲಿ ಒಡೆದ ಪೊರೆಯ ಚೂರುಗಳು ತೇಲುತ್ತಿದ್ದವು.