ಬಸಳೆ ಬಳ್ಳಿಯ ಎಂಜಲು

ಒಂದಾನೊಂದು ಊರಿನಲ್ಲಿ, ಊರು ಎಲ್ಲಿತ್ತೆಂದು ಕೇಳಬಾರದು, ಮಡಿಮಲ್ಲ ಎಂಬ ರಾಜನಿದ್ದ. ರಾಜ್ಯ ಹೋದರೂ ಅವನಿಗೆ ಚಿಂತೆಯಿಲ್ಲ, ಎಂಜಲು ಮಾತ್ರ ತಾಕಬಾರದು. ಹಣ್ಣನ್ನು ಗಿಳಿ ಕಚ್ಚಿದರೆ ಮರವನ್ನೇ ಕಡಿಸುತ್ತಿದ್ದ. ಅಡುಗೆಯ ದ್ಯಾವಕ್ಕನ ಪಾಡು ಕೇಳಬೇಡಿ. ಉಪ್ಪು ಹೆಚ್ಚಾದರೆ ತಲೆ ಹೋಗುತ್ತದೆ, ರುಚಿ ನೋಡಿದರೂ ತಲೆ ಹೋಗುತ್ತದೆ. ಹಾಗಾಗಿ ಅವಳು ವಾಸನೆಯಲ್ಲೇ ಉಪ್ಪು ಹಿಡಿಯುತ್ತಿದ್ದಳು.

ಒಂದು ಬೆಳಗ್ಗೆ ರಾಜ ಅಡುಗೆಮನೆಗೆ ಬಂದ. ಕಿಟಕಿಯಲ್ಲಿ ಬಸಳೆ ಬಳ್ಳಿ ಕೊಬ್ಬಿ ಹೊಳೆಯುತ್ತಿತ್ತು. ನನ್ನ ಊಟಕ್ಕೆ ಮೊದಲೇ ಇದಕ್ಕೆ ಬಡಿಸಿದವರು ಯಾರು ಎಂದು ಗದರಿದ. ತಾನಲ್ಲ ಎಂದಳು ದ್ಯಾವಕ್ಕ. ಆಗ ಬಳ್ಳಿಯೇ ಬಾಯಿಬಿಟ್ಟಿತು.

"ನನ್ನಡುಗೆ ನಾನೇ ಮಾಡ್ಕೋತೀನಿ ದೊರೆ. ಬೇರು ನೀರು ತರುತ್ತೆ. ಬಿಸಿಲು ಹಿಡಿದು ನೀರನ್ನ ಒಡೀತೀನಿ. ನೀವು ಬಿಟ್ಟ ಉಸಿರು ಬೆರೆಸಿ ಸಕ್ಕರೆ ಮಾಡಿ ಉಣ್ತೀನಿ. ಮಿಕ್ಕ ಗಾಳೀನ ಆಚೆ ಉಗೀತೀನಿ."

"ಉಗಿದದ್ದು ಎಲ್ಲಿಗೆ ಹೋಗುತ್ತೆ?"

"ನಿಮ್ಮ ಮೂಗಿಗೆ."

ರಾಜ ಮೂಗು ಹಿಡಿದ. ಬಾಯಿ ಮುಚ್ಚಿದ. ಎಂಜಲು ಗಾಳಿಗಿಂತ ಸಾವೇ ಮೇಲೆಂದು ಕೈಸನ್ನೆ ಮಾಡಿದ. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಮಂತ್ರಿ ಓಡಿಬಂದು ಕಾನೂನು ಹೇಳಿದ. ರಾಜ ಅಡುಗೆಮನೆಯಲ್ಲಿ ಸತ್ತರೆ ಅಡುಗೆಯವಳ ತಲೆಯೂ ಹೋಗತಕ್ಕದ್ದು.

ದ್ಯಾವಕ್ಕ ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಎಂಜಲು ಯಾರ ನಡುವೆ ನಡೆಯುತ್ತದೆ ಎಂದು ಯೋಚಿಸಿದಳು. ತನ್ನ ಮದುವೆಯ ದಿನ ಗಂಡನೊಡನೆ ಒಂದೇ ಎಲೆಯಲ್ಲಿ ಉಂಡದ್ದು ನೆನಪಾಯಿತು.

"ಬುದ್ಧಿ, ನೀವು ಬಿಟ್ಟಿದ್ದನ್ನ ಈ ಬಸಳೆ ಉಣ್ತಾಳೆ, ಅವಳು ಬಿಟ್ಟಿದ್ದನ್ನ ನೀವು. ಇದು ಸಂಸಾರ ಅಲ್ದೆ ಇನ್ನೇನು? ತಾಳಿ ಒಂದು ಬಾಕಿ."

ಬೇಡ ಎನ್ನಲು ರಾಜನಲ್ಲಿ ಉಸಿರಿರಲಿಲ್ಲ. ಮಂತ್ರಿ ಅದನ್ನೇ ಒಪ್ಪಿಗೆ ಎಂದು ಸಾರಿದ. ತಾಳಿ ಕಟ್ಟಿದ್ದೇ ತಡ, ರಾಜ ಅರಮನೆಯ ಪರದೆಗಳೆಲ್ಲ ಹಾರುವಂತೆ ಉಸಿರೆಳೆದ. ಬಳ್ಳಿಯ ದಂಟು ನಾಚಿ ಕೆಂಪಾಯಿತು. ಹಸಿರು ದಂಟಿನ ಬಸಳೆಗಳು ಆ ಮದುವೆಗೆ ಬಂದಿರಲಿಲ್ಲ.

ಮಧ್ಯಾಹ್ನ ಮದುಮಗ ಊಟಕ್ಕೆ ಕುಳಿತು ಬಸಳೆ ಹುಳಿ ಕೇಳಿದ. ರಾಣಿಯವರನ್ನು ಕುದಿಸುವುದೇ ಎಂದಳು ದ್ಯಾವಕ್ಕ. ಹಾಗಾದರೆ ಅನ್ನ? ಅಕ್ಕಿ ರಾಣಿಯ ಅಣ್ಣನ ಮಗ. ತೊಗರಿ? ಚಿಕ್ಕಪ್ಪ. ಬಿಸಿಲಲ್ಲಿ ಅಡುಗೆ ಮಾಡುವವರೆಲ್ಲ ಈಗ ಬೀಗರು. ಯಾವ ಗಿಡಕ್ಕೂ ನೆಂಟನಲ್ಲದ್ದು ಅಡುಗೆಮನೆಯಲ್ಲಿ ಒಂದೇ ಇತ್ತು. ಅದನ್ನೇ ತಟ್ಟೆಯ ತುಂಬ ಬಡಿಸಿದಳು.

ರಾಜ ಬಾಯಿಗಿಟ್ಟ. ದ್ಯಾವಕ್ಕ ಉಸಿರು ಬಿಗಿಹಿಡಿದಳು.

"ಉಪ್ಪು ಸರಿಯಾಗಿದೆ" ಎಂದ.

ನೀತಿ ಇಷ್ಟೇ. ಉಸಿರಾಡುವ ಮೊದಲು ನೆಂಟಸ್ತಿಕೆ ವಿಚಾರಿಸಿಕೊಳ್ಳಿ. ಕತೆ ಹೇಳಿದ ಉಸಿರನ್ನು ಬಸಳೆ ಉಂಡಿತು, ಇನ್ನು ನನ್ನ ಬಾಯಲ್ಲಿ ಏನೂ ಇಲ್ಲ.